ಪಕ್ಕದ ಮುಚ್ಚಳ

ನನ್ನ ದೊಡ್ಡಪ್ಪ ಸಿದ್ದಬಸಪ್ಪನವರು ತಮ್ಮ ಕಾರಿನ ಎಂಜಿನ್ನನ್ನು ತಾವೇ ಬಿಚ್ಚಿ ತಾವೇ ಕೂಡಿಸಿದರು. ಹನ್ನೊಂದನೆಯ ದಿನ ಅದು ಗೋನೆಗಂಡ್ಲದ ದಾರಿಯಲ್ಲಿ ಬಿಗಿದುಕೊಂಡು ನಿಂತಿತು. ನಿಂತ ಕಾರಿನ ಮೇಲೆ ಆರು ಜನ ಬಡಿಗೆ ಹಿಡಿದು ಬಿದ್ದರು. ದೊಡ್ಡಪ್ಪನ ಒಬ್ಬನೇ ಮಗ ಪಂಪಣ್ಣನ ತಲೆ ಒಡೆಯಿತು, ಎಡಗಾಲು ಎರಡು ಕಡೆ ಮುರಿಯಿತು. ಕಾರು ಓಡಿಸುತ್ತಿದ್ದ ದಸ್ತಗಿರಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಆ ಗೀರಿಲ್ಲದ ಮೈಯೇ ಅವನಿಗೆ ಮುಳುವಾಯಿತು.

ಅದು ನಲವತ್ತಮೂರನೆಯ ಇಸವಿಯ ಬೇಸಿಗೆ. ನಾನು ಮದರಾಸಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮೊದಲ ವರ್ಷ ಮುಗಿಸಿ ರಜೆಗೆ ಆದೋನಿಗೆ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ದೊಡ್ಡಪ್ಪನ ಮನೆಯಲ್ಲಿದ್ದೆವು. ನನ್ನನ್ನು ಓದಿಸುತ್ತಿದ್ದವರೂ ಅವರೇ. ಯಾರಾದರೂ ‘ಹೆಣ್ಣು ಕೂಸನ್ನ ಅಷ್ಟು ದೂರ ಕಳಸ್ತೀರಲ್ಲ’ ಅಂದರೆ, ‘ಆಕಿ ಓದ್ತಾಳ, ನಿಮಗ್ಯಾಕ ಹೊಟ್ಟಿನೋವು?’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಅದೇ ದೊಡ್ಡಪ್ಪ ತಮ್ಮ ಹತ್ತಿ ಬಿಡಿಸುವ ಜಿನ್ನಿನ ಅಂಗಳದಲ್ಲಿ ಒಬ್ಬ ಹಮಾಲನನ್ನು ತಕ್ಕಡಿಯ ಸರಪಳಿ ಬಿಚ್ಚಿಕೊಂಡು ಹೊಡೆದದ್ದನ್ನೂ ನಾನು ಕಂಡಿದ್ದೆ. ಎರಡೂ ಅವರೇ.

ಗೋನೆಗಂಡ್ಲದ ಭೀಮಲಿಂಗಪ್ಪನಿಗೂ ಅವರಿಗೂ ಹತ್ತಿ ಖರೀದಿಯಲ್ಲಿ ಹುಟ್ಟಿದ ಹಗೆ. ಹಿಂದಿನ ವರ್ಷ ಎಮ್ಮಿಗನೂರಿನ ಸಂತೆಯಲ್ಲಿ ನಮ್ಮ ಕಡೆಯವರು ಭೀಮಲಿಂಗಪ್ಪನ ತಮ್ಮನ ದವಡೆ ಮುರಿದಿದ್ದರು. ಅದಕ್ಕೆ ಉತ್ತರ ಬರುವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ದಾರಿಯಲ್ಲಿ, ಯಾವ ದಿನ ಎಂಬುದಷ್ಟೇ ಗೊತ್ತಿರಲಿಲ್ಲ.

ಎಂಜಿನ್ನು ದುರಸ್ತಿಗೆ ಬಂದದ್ದು ಯುದ್ಧದ ಕಾಲದಲ್ಲಿ. ಊರಿನಲ್ಲಿದ್ದ ಒಬ್ಬನೇ ಮೆಕ್ಯಾನಿಕ್ ಸೈನ್ಯಕ್ಕೆ ಸೇರಿ ಹೋಗಿದ್ದ. ಬಿಡಿಭಾಗ ಬರುತ್ತಿರಲಿಲ್ಲ. ಪೆಟ್ರೋಲಿಗೆ ರೇಷನ್ ಚೀಟಿ, ಎಂಜಿನ್ ಎಣ್ಣೆಗೂ ಚೀಟಿ. ಕಾರಿನ ಹೊಟ್ಟೆಯೊಳಗೆ ಸುತ್ತಿಗೆ ಬಡಿದಂತೆ ಟಕಟಕ ಸದ್ದು ಶುರುವಾದಾಗ ದೊಡ್ಡಪ್ಪ, ‘ನನ್ನ ಕೈಯಾಗ ಜಿನ್ನಿನ ಎಂಜಿನ್ನು ಮೂವತ್ತು ವರ್ಷ ಓಡೈತಿ. ಇದೇನು ಮಹಾ!’ ಎಂದು ಧೋತರ ಎತ್ತಿ ಕಟ್ಟಿದರು. ಹಳೆಯ ಬೇರಿಂಗುಗಳ ಲೋಹ ಕರಗಿಸಿ ಮತ್ತೆ ಎರಕ ಹೊಯ್ದರು. ಕೂತು ಎರಡು ದಿನ ಕೆರೆದು ನುಣುಪು ಮಾಡಿದರು. ಆ ಕೆಲಸ ನಿಜಕ್ಕೂ ಚೆಂದವಾಗಿತ್ತು.

ತಪ್ಪಿದ್ದು ಎಣ್ಣೆಯ ವಿಷಯದಲ್ಲಿ. ಜಿನ್ನಿನ ಎಂಜಿನ್ನಿಗೆ ಪ್ರತಿ ಬೇರಿಂಗಿನ ಮೇಲೂ ಒಂದು ಹಿತ್ತಾಳೆಯ ಬಟ್ಟಲು. ಅದರಿಂದ ಒಂದು ಹತ್ತಿಯ ಬತ್ತಿ ಕೊಳವೆಯೊಳಗೆ ಇಳಿದಿರುತ್ತದೆ. ಬತ್ತಿ ಎಣ್ಣೆ ಹೀರಿ ಹನಿಹನಿಯಾಗಿ ಬಿಡುತ್ತದೆ. ಕಾರಿನಲ್ಲಿ ಹಾಗಲ್ಲ. ಅಡಿಯ ತಟ್ಟೆಯಲ್ಲಿರುವ ಎಣ್ಣೆ ಪಂಪಿನಿಂದ ಮೇಲೇರಿ, ಎಂಜಿನ್ನಿನ ಪಕ್ಕದ ಗೂಡಿಗೆ ಬಂದು, ಅಲ್ಲಿಂದ ಮೂರು ತೂತುಗಳಲ್ಲಿ ದೊಡ್ಡ ಬೇರಿಂಗುಗಳ ಮೇಲೆ ಸುರಿಯುತ್ತದೆ. ದೊಡ್ಡಪ್ಪ ಆ ತೂತುಗಳನ್ನು ನೋಡಿ, ‘ಹಿಂಗ ಸುರಿದ್ರ ಎಣ್ಣಿ ಎಲ್ಲಿಂದ ತರೋದು?’ ಎಂದರು. ನನ್ನನ್ನು ಕರೆದು, ‘ಬಸಲಿಂಗಿ, ಉದ್ದ ಎಳಿ ಹತ್ತಿ ತೊಗೊಂಡು ಮೂರು ಬತ್ತಿ ಹೊಸಿ. ಗಟ್ಟಿ ಇರಲಿ’ ಎಂದರು. ನಾನು ಮೊಣಕಾಲಿನ ಮೇಲೆ ಇಟ್ಟು ಹೊಸೆದುಕೊಟ್ಟೆ.

ಬಾನೆಟ್ಟು ಹಿಡಿದು ನಿಂತಿದ್ದ ದಸ್ತಗಿರಿ ಆಗ ಹೇಳಿದ: “ಸಾವ್ಕಾರ್ರೆ, ಇದು ಮಿಲ್ಲಿನ ಎಂಜಿನ್ನಲ್ಲರಿ. ಭಾಳ ಜೋರು ತಿರುಗತೈತಿ. ಹನಿ ಹನಿ ಬಿದ್ರ ಸಾಲಂಗಿಲ್ಲ.”

ದೊಡ್ಡಪ್ಪ ಎಣ್ಣೆಗೈಯಿಂದಲೇ ಅವನ ಕೆನ್ನೆಗೆ ಬಾರಿಸಿದರು. “ಪಿಂಜಾರರ ಮನ್ಯಾಗ ಹುಟ್ಟಿ ನನಗ ಹತ್ತಿ ಕಲಸ್ತೀಯೇನಲೇ?”

“ಹತ್ತಿ ಕಲಸಾಕ ಬಂದಿಲ್ರಿ. ಎಣ್ಣಿ ಮಾತು ಹೇಳಿದ್ನಿ,” ಎಂದು ದಸ್ತಗಿರಿ ಭುಜಕ್ಕೆ ಕೆನ್ನೆ ಒರೆಸಿಕೊಂಡ. ಆಮೇಲೆ ಮೂರು ತೂತಿಗೂ ಬತ್ತಿ ತುರುಕಿ ಪಕ್ಕದ ಮುಚ್ಚಳ ಹಾಕುವಾಗ ದೊಡ್ಡಪ್ಪನ ಕೈಗೆ ಒಂದೊಂದೇ ಬೋಲ್ಟು ಎತ್ತಿಕೊಟ್ಟವನೂ ಅವನೇ.

ಹತ್ತು ದಿನ ಕಾರು ಊರೊಳಗೆ, ಸ್ಟೇಷನ್ನಿಗೆ, ಮನೆಗೆ ಓಡಾಡಿತು. ಹನ್ನೊಂದನೆಯ ದಿನ ಪಂಪಣ್ಣ ಗೋನೆಗಂಡ್ಲದ ಕಡೆ ಹತ್ತಿ ನೋಡಲು ಹೋದ. ಸಂಜೆ ಹಿಂತಿರುಗುವಾಗ ಎಮ್ಮಿಗನೂರು ಇನ್ನೂ ನಾಲ್ಕು ಮೈಲಿ ಇರುವಾಗ ಎಂಜಿನ್ನು ಒಮ್ಮೆ ಕಿರುಚಿ ನಿಂತಿತಂತೆ. ದಸ್ತಗಿರಿ ಇಳಿದು ಮುಂದಿನ ಹ್ಯಾಂಡಲ್ ತಿರುಗಿಸುತ್ತಿದ್ದಾಗ ಜಾಲಿಯ ಮರೆಯಿಂದ ಅವರು ಓಡಿಬಂದರು. ಇಬ್ಬರು ಅವನ ರಟ್ಟೆ ಹಿಡಿದು, ‘ನಿನ್ನ ಮ್ಯಾಲ ನಮಗ ಸಿಟ್ಟಿಲ್ಲ, ಸುಮ್ನ ನಿಂದರು’ ಎಂದರು. ಉಳಿದ ನಾಲ್ವರು ಪಂಪಣ್ಣನನ್ನು ಹೊರಗೆಳೆದರು. ಅವರು ಹೋದ ಮೇಲೆ ದಸ್ತಗಿರಿ ಪಂಪಣ್ಣನನ್ನು ಬೆನ್ನ ಮೇಲೆ ಹಾಕಿಕೊಂಡು ಎರಡು ಮೈಲಿ ನಡೆದ. ಆಮೇಲೆ ಬಂಡಿ, ಆಮೇಲೆ ಎಮ್ಮಿಗನೂರಿನಿಂದ ಶೇಂಗಾ ಲಾರಿ. ಬೆಳಗಾಗುವಷ್ಟರಲ್ಲಿ ಆದೋನಿಯ ಆಸ್ಪತ್ರೆ ಮುಟ್ಟಿಸಿದ.

ದೊಡ್ಡಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ಕೆಂಪಾದ ಅಂಗಿ ನೋಡಿ ಕೇಳಿದರು: “ಇದರಾಗ ನಿನ್ನ ರಕ್ತ ಎಷ್ಟೈತಿ?”

“ನಂದು ಇಲ್ರಿ. ಎಲ್ಲಾ ಸಣ್ಣ ಸಾವ್ಕಾರ್ದು.”

ಅಷ್ಟೇ. ಹಗೆಯವರ ದುಡ್ಡು ತಿಂದು ಇವನೇ ಕಾರು ನಿಲ್ಲಿಸಿಕೊಟ್ಟನೆಂದು ದೊಡ್ಡಪ್ಪನಿಗೆ ಖಾತ್ರಿಯಾಯಿತು. ಮೆಟ್ಟಿಲ ಮೇಲಿಂದಲೇ ಅವನನ್ನು ನಾಲ್ಕು ಜನ ಎತ್ತಿಕೊಂಡು ಜಿನ್ನಿಗೆ ಬಂದರು.

ಜಿನ್ನಿನ ಅಂಗಳದಲ್ಲಿ ಅರಳೆ ಒತ್ತುವ ಪ್ರೆಸ್ಸಿನ ಕಬ್ಬಿಣದ ಕಂಬ ಒಂದಿತ್ತು. ಅದಕ್ಕೆ ಅವನ ಎರಡೂ ಕೈ ಮುಂದೆ ಮಾಡಿ ಕಟ್ಟಿದರು. ಒತ್ತಿ ಕಟ್ಟಿದ ಹತ್ತಿ ಅಂಡಿಗೆಗಳ ಮೇಲೆ ಹದಿನೈದು ಇಪ್ಪತ್ತು ಜನ ಬಡಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಸೇಡಿಗೆಂದು ಗೋನೆಗಂಡ್ಲಕ್ಕೆ ಹೋಗಲು ಬಂದವರು ಅವರು. ಹೊರಡುವ ಮುಂಚೆ ಮನೆಯೊಳಗಿನ ದ್ರೋಹಿಯ ಲೆಕ್ಕ ಮುಗಿಯಲಿ ಎಂದು ಕಾಯುತ್ತಿದ್ದರು. ಹನ್ನೊಂದರ ಬಿಸಿಲಿಗೆ ಎಮ್ಮಿಗನೂರಿಗೆ ಬಂಡಿ ಹೊಡೆದುಕೊಂಡು ಹೋಗಿದ್ದ ನಮ್ಮ ಜಿನ್ನಿನ ಅಂಜಿನಪ್ಪ, ದಸ್ತಗಿರಿ ಹೇಳಿದಂತೆ, ಎರಡು ಜೋಡಿ ಎತ್ತು ಹೂಡಿ ಕಾರನ್ನು ಎಳೆದು ತಂದ. ರಾತ್ರಿಯಿಡೀ ನಡೆದ ಎತ್ತುಗಳ ಬಾಯಲ್ಲಿ ನೊರೆ ಬಂದಿತ್ತು. ಅಂಜಿನಪ್ಪ ತನ್ನ ತಲೆಯ ವಸ್ತ್ರ ಬಿಚ್ಚಿ ಮೊದಲು ಅವುಗಳ ಮೂತಿ ಒರೆಸಿದ.

ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: “ನೋಡ್ರಿ, ನಾನೇ ಬಿಚ್ಚತೀನಿ. ಏನು ಹಾಕಿ ನಿಲ್ಲಿಸ್ಯಾನ ಅಂತ ನಿಮ್ಮ ಮುಂದ ತೋರಸ್ತೀನಿ. ಸಿಕ್ತಂದ್ರ, ಕಾರು ಹಿಡಿದ ಕೈ ಜಿನ್ನಿನಾಗ ಹೋಗತೈತಿ. ಉಚ್ಚೀರಪ್ಪ, ದೀಪ ಹಚ್ಚು!”

ಉಚ್ಚೀರಪ್ಪ ಜಿನ್ನಿನ ಎಂಜಿನ್ನು ನೋಡಿಕೊಳ್ಳುವವನು. ವಯಸ್ಸಾದವನು, ಮಾತು ಕಡಿಮೆ. ಆ ಹಳೆಯ ಎಂಜಿನ್ನಿನ ತಲೆಯ ಮೇಲೆ ಒಂದು ಕಬ್ಬಿಣದ ಗುಂಡು ಇತ್ತು. ಊದುದೀಪದ ಬೆಂಕಿ ಹಿಡಿದು ಅದನ್ನು ಕೆಂಪಗೆ ಕಾಯಿಸದೆ ಎಂಜಿನ್ನು ಏಳುತ್ತಿರಲಿಲ್ಲ. ಕಾಯಲು ಕಾಲು ಗಂಟೆ. ಅವನು ದೀಪ ಹಚ್ಚಿದ. ಬರ್ರೆನ್ನುವ ಸದ್ದು ಅಂಗಳಕ್ಕೆಲ್ಲ ಕೇಳತೊಡಗಿತು. ಜಿನ್ನಿನ ಒಳಗೆ ಹತ್ತಿಯನ್ನು ಎಳೆದುಕೊಂಡು ಕಾಳು ಬೇರೆ ಮಾಡುವ ಚರ್ಮದ ರೋಲರೂ ಅದಕ್ಕೆ ಹತ್ತಿದ ಅಲಗೂ ಇವೆ. ಕೈ ಹೋದರೆ ಏನಾಗುತ್ತದೆಂದು ಅಲ್ಲಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. ಹಿಂದೆ ಒಮ್ಮೆ ಆಗಿತ್ತು.

ನಾನು ಆಫೀಸಿನ ಪಡಸಾಲೆಯಲ್ಲಿ ನಿಂತಿದ್ದೆ.

ದೊಡ್ಡಪ್ಪ ಮೊದಲು ಹ್ಯಾಂಡಲ್ ಹಾಕಿ ತಿರುಗಿಸಿ ನೋಡಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಅದರ ಮೇಲೆ ಹತ್ತಿ ನಿಂತರು, ಆದರೂ ಇಲ್ಲ. “ಗೇರಿನಾಗ ಸಿಗಸಿ ಬಿಟ್ಟಾನ,” ಎಂದು ಒಬ್ಬ ಕೂಗಿದ. ಗೇರು ಬಿಟ್ಟೇ ಇತ್ತು. ಪ್ಲಗ್ಗುಗಳನ್ನು ಬಿಚ್ಚಿ ಮತ್ತೆ ತಿರುಗಿಸಿದರು. ಇಲ್ಲ. ರೇಡಿಯೇಟರಿನ ಬಾಯಿ ತೆಗೆದರು.

“ನೀರು ಬಿಟ್ಟು ಒಣಗಿಸ್ಯಾನ ನೋಡ್ರಿ,” ಎಂದ ಇನ್ನೊಬ್ಬ.

ನೀರು ಕಂಠದವರೆಗೂ ಇತ್ತು. ದೊಡ್ಡಪ್ಪ ಎದ್ದು ಬಂದು ದಸ್ತಗಿರಿಯ ಹೊಟ್ಟೆಗೆ ಒದ್ದರು. ಕೈ ಕಟ್ಟಿದ್ದರಿಂದ ಅವನು ಬಗ್ಗಲೂ ಆಗದೆ ಕಂಬಕ್ಕೆ ಹಣೆ ಬಡಿದುಕೊಂಡ.

“ಚೆಪ್ಪರಾ! ಹೇಳಲೇ! ಭೀಮಲಿಂಗಪ್ಪ ಏನು ಕೊಟ್ಟ ನಿನಗ?” ಸಿಟ್ಟು ಏರಿದಾಗ ಅವರಿಗೆ ತೆಲುಗು ಬರುತ್ತಿತ್ತು.

“ಆತನ ಮುಖಾನೂ ನೋಡಿಲ್ರಿ ನಾನು.”

“ಹಂಗಾದ್ರ ಎಣ್ಣಿ ಇಳಿಸೀದಿ. ಎಣ್ಣಿ ಇಲ್ಲದ ಓಡಿಸೀದಿ.”

ಅವರು ಹೋಗಿ ಎಣ್ಣೆಯ ಅಳತೆಕಡ್ಡಿ ಎಳೆದರು. ಎಲ್ಲರೂ ಕತ್ತು ಚಾಚಿದರು. ಎಣ್ಣೆ ಗುರುತಿನವರೆಗೆ ತುಂಬಿತ್ತು. ಕಡ್ಡಿಯ ತುದಿಯಿಂದ ಒಂದು ಹನಿ ದೊಡ್ಡಪ್ಪನ ಪಾದದ ಮೇಲೆ ಬಿತ್ತು. ಒಂದೊಂದು ಅನುಮಾನ ಸುಳ್ಳಾದಂತೆಲ್ಲ ಅವರು ಶಾಂತರಾಗಬೇಕಿತ್ತು. ಹಾಗಾಗಲಿಲ್ಲ. ಟೈರು ಎತ್ತುವ ಕಬ್ಬಿಣದ ಪಟ್ಟಿ ನೆಲದ ಮೇಲಿತ್ತು. ಅದನ್ನು ತೆಗೆದುಕೊಂಡು ಹೋಗಿ, “ಮತ್ತೇನು ಮಾಡೀದಿ, ಹೇಳು!” ಎನ್ನುತ್ತ ಕಂಬಕ್ಕೆ ಕಟ್ಟಿದ ಅವನ ಬಲಗೈ ಮೇಲೆ ಬೀಸಿದರು. ಒಂದು ಸಲವಲ್ಲ. ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದಿನ ನಡುವೆ ಒಣ ಕಡ್ಡಿ ಮುರಿದಂಥ ಇನ್ನೊಂದು ಸದ್ದು ನನಗೆ ಕೇಳಿಸಿತು.

ಹೊರಗೆ ಗೇಟಿನ ಸರಳು ಹಿಡಿದು ಅವನ ಹೆಂಡತಿ ಹುಸೇನಮ್ಮ ಕಿರುಚಿದಳು. “ವದ್ದಯ್ಯಾ, ವದ್ದು! ಬ್ಯಾಡ್ರಿ ಧಣೀ!” ಕಾವಲಿನವನು ಗೇಟು ತೆಗೆಯಲಿಲ್ಲ. ಆದರೆ ಅವಳನ್ನು ಅಲ್ಲಿಂದ ಓಡಿಸಲೂ ಇಲ್ಲ.

ಆ ಹೊತ್ತಿಗೆ ದೊಡ್ಡಮ್ಮ ಗಂಗಕ್ಕ ಮಗನಿಗೆಂದು ಮನೆಯಿಂದ ಹಳೆಯ ಸೀರೆ ತುಂಡು ತೆಗೆದುಕೊಂಡು ಆಸ್ಪತ್ರೆಗೆ ಹೊರಟವಳು ಗೇಟಿನ ಮುಂದೆ ಬಂದಳು. ಒಳಗೆ ಏನು ನಡೆದಿದೆ ಎಂದು ನೋಡಿದಳು. ಅವಳಿಗೂ ದಸ್ತಗಿರಿಯ ಮೇಲೆ ಅನುಮಾನವಿತ್ತೋ ಇಲ್ಲವೋ ನನಗೆ ತಿಳಿಯದು. ಬಿಸಿಲಿಗೆ ನಿಂತ ಹುಸೇನಮ್ಮನನ್ನು ತೋಳು ಹಿಡಿದು ಗೋಡೆಯ ನೆರಳಿಗೆ ಎಳೆದು ನಿಲ್ಲಿಸಿ, “ಇಲ್ಲಿ ನಿಂದರು. ನೀನೂ ಬಿದ್ರ ಯಾರು ನೋಡಬೇಕು?” ಎಂದಳು. ತಾನೂ ಅವಳ ಪಕ್ಕದಲ್ಲಿ ಗೋಡೆಗೆ ಆತು ನಿಂತಳು.

ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು ಅಂಗಳಕ್ಕಿಳಿದೆ. ಬಡಿಗೆ ಹಿಡಿದವರಲ್ಲಿ ಒಬ್ಬ ನನ್ನನ್ನು ಕಂಡು, ಕಾಣದವನಂತೆ ಎಲೆಯಡಿಕೆ ಚೀಲ ಹುಡುಕತೊಡಗಿದ. ದೊಡ್ಡಪ್ಪ ಕಾರಿನ ಅಡಿ ಮಲಗಿದ್ದರು. ನಾನು ದಸ್ತಗಿರಿಯ ಬಾಯಿಗೆ ನೀರು ಹಿಡಿದೆ. ಅವನ ಮೂರು ಬೆರಳು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

“ಬತ್ತಿ ವಿಷಯ ಯಾಕ ಹೇಳವಲ್ಲಿ?” ಎಂದು ಕೇಳಿದೆ.

“ಒಂದ್ಸಲ ಹೇಳಿದ್ನಲ್ಲರಿ ಅವ್ವಾರೆ.”

“ಈಗ ಹೇಳು.”

“ಈಗ ಹೇಳಿದ್ರ ತಪ್ಪಿಸ್ಕೊಳ್ಳಾಕ ಸುಳ್ಳು ಹೇಳ್ತಾನ ಅಂತಾರ. ಅವರೇ ಬಿಚ್ಚಾಕತ್ಯಾರಲ್ಲ. ಅವರ ಕೈಗೇ ಸಿಗಲಿ.” ಅವನು ಮತ್ತೊಂದು ಗುಟುಕು ಕುಡಿದ. “ಎಂಜಿನ್ನು ಸುಳ್ಳು ಹೇಳಂಗಿಲ್ರಿ.”

ಎಂಜಿನ್ನಿನ ಮೇಲೆ ಅವನಿಗಿದ್ದ ನಂಬಿಕೆ ನನಗೆ ದೊಡ್ಡಪ್ಪನ ಮೇಲೆ ಇರಲಿಲ್ಲ.

ನಾಲ್ಕು ಜನ ಒಂದು ಬಿಳಿಯ ಧೋತರ ಹಿಡಿದರು. ಅದರ ಕೆಳಗೆ ಹಂಡೆ ಇಟ್ಟು ದೊಡ್ಡಪ್ಪ ಎಣ್ಣೆ ಬಿಟ್ಟರು. ಮರಳು ಹಾಕಿದ್ದರೆ ಬಟ್ಟೆಯ ಮೇಲೆ ನಿಲ್ಲಬೇಕು. ಎಣ್ಣೆಯೆಲ್ಲ ಸೋಸಿಹೋದ ಮೇಲೆ ಬಟ್ಟೆಯ ನಡುವೆ ಉಳಿದದ್ದು ಮರಳಲ್ಲ, ಬೆಳ್ಳಗೆ ಮಿನುಗುವ ಸಣ್ಣ ಚೂರುಗಳು.

“ಗಾಜು! ಗಾಜಿನ ಪುಡಿ ಹಾಕ್ಯಾನ!” ಎಂದು ಒಬ್ಬ ಅಂಡಿಗೆಯ ಮೇಲಿಂದ ಹಾರಿದ. ಎಲ್ಲರೂ ಎದ್ದರು. ಒಬ್ಬ ಬಡಿಗೆ ಬೀಸಿಯೇಬಿಟ್ಟ, ಅದು ದಸ್ತಗಿರಿಯ ಬಾಯಿಗೆ ಬಿತ್ತು.

ದೊಡ್ಡಪ್ಪ ಮಾತ್ರ ಆ ಚೂರುಗಳನ್ನು ಬೆರಳಲ್ಲಿ ಉಜ್ಜಿ ನೋಡಿದರು. ಗಾಜಾದರೆ ಚುಚ್ಚುತ್ತಿತ್ತು. ಅದು ಬೆಣ್ಣೆಯಂತೆ ಸವರಿಕೊಂಡಿತು. ತಾವೇ ಹೊಯ್ದ ಎರಕ. ಅವರ ಮುಖ ನಾನು ನೋಡುತ್ತಿದ್ದೆ. ಅವರಿಗೆ ತಿಳಿಯತೊಡಗಿತ್ತು. ಅವರು “ಗಾಜಲ್ಲ” ಎನ್ನಲಿಲ್ಲ.

ಆಗ ಅಂಜಿನಪ್ಪ ಎತ್ತಿನ ಪಕ್ಕದಿಂದ ಕೆಮ್ಮಿದ. “ಸಾವ್ಕಾರ್ರೆ, ನಾ ಒಂದು ಮಾತು ಹೇಳ್ತೀನಿ. ಕಾರು ನಿಂತಿತ್ತಲ್ಲ, ಅಲ್ಲಿಂದ ಒಂದು ಫರ್ಲಾಂಗು ಮುಂದ ಮೋರಿ ಐತಿ. ಮೋರಿ ಮ್ಯಾಗ ದಾರಿಗೆ ಅಡ್ಡ ಇಷ್ಟೆತ್ತರ ಕಲ್ಲು ಒಟ್ಟಿದ್ರು. ನಾನು ಸರಿಸೇ ಎತ್ತು ಹೊಡಕೊಂಡು ಬಂದೀನಿ. ಡ್ರೈವರನ್ನ ಕೊಂಡುಕೊಂಡಿದ್ರ ಅಷ್ಟು ಕಲ್ಲು ಯಾಕ ಹೊರತಿದ್ರು?”

“ಎತ್ತಿನ ಬಾಲ ತಿರುವೋನು ವಕೀಲ ಆದ ನೋಡಪ್ಪ!” ಎಂದ ಒಬ್ಬ. ನಾಲ್ಕು ಜನ ನಕ್ಕರು.

“ವಕೀಲ ಆಗಿದ್ರ ನಿಮ್ಮಂಥೋರ ಹತ್ರ ಯಾಕ ಇರ್ತಿದ್ನಿ,” ಎಂದು ಅಂಜಿನಪ್ಪ ಎತ್ತಿನ ಕಡೆ ತಿರುಗಿದ. ದೊಡ್ಡಪ್ಪ ಮತ್ತೆ ಕಾರಿನಡಿ ತೂರಿದರು.

ಎಣ್ಣೆಯ ತಟ್ಟೆ ಕಳಚಿತು. ನಡುವಿನ ಬೇರಿಂಗಿನ ಟೋಪಿ ಹೊಡೆದು ಬಿಚ್ಚುವುದಕ್ಕೇ ಬಹಳ ಹೊತ್ತು ಹಿಡಿಯಿತು. ಬಿಚ್ಚಿದಾಗ ಒಳಗಿನ ಉಕ್ಕಿನ ದಂಡ ಸುಟ್ಟು ನೀಲಿಯಾಗಿತ್ತು. ಎರಕವೆಲ್ಲ ಕರಗಿ ಹರಿದು ಅದಕ್ಕೆ ಅಂಟಿಕೊಂಡಿತ್ತು. ಅಲ್ಲಿದ್ದವರಿಗೆ ಇಷ್ಟು ಗೊತ್ತಾಗಬೇಕಿತ್ತು: ತಟ್ಟೆಯ ತುಂಬ ಎಣ್ಣೆ, ಬೇರಿಂಗಿನಲ್ಲಿ ಒಂದು ಹನಿಯೂ ಇಲ್ಲ. ಹಾಗಾದರೆ ನಡುವೆ ದಾರಿ ಎಲ್ಲಿ ಮುಚ್ಚಿದೆ? ಆ ದಾರಿ ನೋಡಲು ಎಂಜಿನ್ನಿನ ಪಕ್ಕದ ಮುಚ್ಚಳವೊಂದನ್ನು ಬಿಚ್ಚಿದರೆ ಸಾಕಿತ್ತು. ಮೇಲಿನಿಂದಲೇ ಕೈಗೆಟಕುವ ಮುಚ್ಚಳ. ದೊಡ್ಡಪ್ಪ ಅದನ್ನು ಬಿಟ್ಟು ಉಳಿದುದನ್ನೆಲ್ಲ ಬಿಚ್ಚಿದ್ದರು.

ಅವರು ಕಾರಿನಡಿಯಿಂದ ಎದ್ದು ಬಂದರು. ಕೈ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

“ಸಾಕು. ಮಣ್ಣು ಹಾಕ್ಯಾನ. ಎರಕಾನೆಲ್ಲ ಮಣ್ಣು ತಿಂದೈತಿ.” ಮಣ್ಣನ್ನು ಯಾರೂ ನೋಡಿರಲಿಲ್ಲ. “ಉಚ್ಚೀರಪ್ಪ, ಕಾದೈತೇನು?”

“ಇನ್ನೂ ಇಲ್ರಿ. ಸೀಮೆಎಣ್ಣಿ ಚಲೋ ಇಲ್ಲ.”

ಮತ್ತೆ ಪಡಸಾಲೆ ಹತ್ತಿದ್ದ ನನಗೆ ಅಲ್ಲಿಂದ ಎಂಜಿನ್ ಮನೆಯ ಒಳಗು ಕಾಣುತ್ತಿತ್ತು. ಉಚ್ಚೀರಪ್ಪ ದೀಪದ ಬೆಂಕಿಯನ್ನು ಗುಂಡಿನಿಂದ ಒಂದು ಮೊಳ ಆಚೆ, ಬರೀ ಗಾಳಿಗೆ ಹಿಡಿದು ಕೂತಿದ್ದ. ಕಾಲು ಗಂಟೆಯ ಕೆಲಸಕ್ಕೆ ಅವನು ಎರಡು ಗಂಟೆ ಕಳೆದಿದ್ದ. ಬೆವರು ಅವನ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

“ಕಾಯಲಿ, ಬಿಡಲಿ. ಪಟ್ಟಾ ಹಿಡಿದು ಕೈಯಿಂದ ತಿರುವ್ರಿ. ಎಳಕೊಂಡ್ರ ಸಾಕು,” ಎಂದರು ದೊಡ್ಡಪ್ಪ.

ದಸ್ತಗಿರಿಯ ಕಟ್ಟು ಬಿಚ್ಚಿದರು. ಕಾಲು ನಿಲ್ಲದೆ ಅವನು ಕುಸಿದ. ಇಬ್ಬರು ಕಂಕುಳಿಗೆ ಕೈ ಹಾಕಿ ಎಳೆದರು. ಅವನು ಏನೋ ಹೇಳುತ್ತಿದ್ದ, ಬಾಯಿಯ ತುಂಬ ರಕ್ತವಿದ್ದುದರಿಂದ ಮಾತು ತಿಳಿಯಲಿಲ್ಲ. ಅವನ ಕಣ್ಣು ಮಾತ್ರ ಕಾರಿನ ಮೇಲಿತ್ತು. ಹುಸೇನಮ್ಮ ಗೇಟಿಗೆ ತಲೆ ಬಡಿದುಕೊಳ್ಳುತ್ತಿದ್ದಳು. ದೊಡ್ಡಮ್ಮ ಅವಳ ಹಣೆಗೂ ಸರಳಿಗೂ ನಡುವೆ ತನ್ನ ಅಂಗೈ ಇಟ್ಟಿದ್ದಳು.

ನಾನು ಮೆಟ್ಟಿಲಿಳಿದೆ.

“ದೊಡ್ಡಪ್ಪ, ಪಕ್ಕದ ಮುಚ್ಚಳ ಬಿಚ್ಚಿಲ್ಲ.”

“ಒಳಗ ನಡಿ, ಬಸಲಿಂಗಿ.”

“ಎಣ್ಣಿ ಅಲ್ಲಿಂದ ಇಳಿಬೇಕು. ಅಲ್ಲಿ ನಾ ಹೊಸೆದ ಬತ್ತಿ ಅದಾವ. ಅವನ್ನ ನೋಡದ ಹೆಂಗ...”

ಅವರ ಕೈಯಲ್ಲಿದ್ದ ಸ್ಪ್ಯಾನರ್ ಬಂದದ್ದು ನನಗೆ ಕಾಣಲಿಲ್ಲ. ಎಡಹುಬ್ಬಿನ ಮೇಲೆ ಏನೋ ಸಿಡಿಯಿತು. ನೆಲಕ್ಕೆ ಕುಸಿದು ಕೂತಿದ್ದೆ. ರಕ್ತ ಕಣ್ಣಿಗೆ ಬೆಚ್ಚಗೆ ಇಳಿದು ಒಂದು ಕಣ್ಣು ಮುಚ್ಚಿಹೋಯಿತು. ಹಮಾಲರಿಗೆ, ಡ್ರೈವರಿಗೆ ಹೊಡೆಯುವುದನ್ನು ಅಲ್ಲಿದ್ದವರು ದಿನವೂ ಕಂಡವರು. ಮನೆಯ ಹೆಣ್ಣುಮಗಳ ರಕ್ತವನ್ನು ಆ ಅಂಗಳದಲ್ಲಿ ಕಂಡಿರಲಿಲ್ಲ.

ಬರ್ರೆನ್ನುವ ದೀಪದ ಸದ್ದು ನಿಂತಿತು. ಉಚ್ಚೀರಪ್ಪ ದೀಪ ಆರಿಸಿ ಹೊರಗೆ ಬಂದ. ನನ್ನ ಮುಂದೆ ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಂಡು, ಅದರ ಮೇಲಿನ ರಕ್ತವನ್ನು ತನ್ನ ಧೋತರಕ್ಕೆ ಒರೆಸಿದ. ದೊಡ್ಡಪ್ಪನ ಕಡೆ ನೋಡಲೇ ಇಲ್ಲ. ಕಾರಿನ ಬಳಿ ಹೋಗಿ ಪಕ್ಕದ ಮುಚ್ಚಳದ ಬೋಲ್ಟು ಬಿಚ್ಚತೊಡಗಿದ.

“ಉಚ್ಚೀರ್ಯಾ!”

ಅವನು ನಿಲ್ಲಿಸಲಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಕಳೆಯದಂತೆ ಬಾಯಲ್ಲಿ ಹಿಡಿದುಕೊಂಡ. ಮುಚ್ಚಳ ಎತ್ತಿದ. ಒಳಗೆ ಎಣ್ಣೆ ನಿಂತಿತ್ತು. ಎರಡು ಬೆರಳು ಹಾಕಿ ಒಂದು ಬತ್ತಿ ಎಳೆದ. ಬಿಗಿಯಾಗಿತ್ತು, ಸುಲಭಕ್ಕೆ ಬರಲಿಲ್ಲ. ಮೇಲಿನ ಅರ್ಧ ಎಣ್ಣೆ ಕುಡಿದು ಉಬ್ಬಿತ್ತು. ಕೆಳಗಿನ ತುದಿ ಸುಟ್ಟು ಇದ್ದಲಾಗಿತ್ತು. ಅದನ್ನು ಕಾರಿನ ಮೆಟ್ಟಿಲ ಹಲಗೆಯ ಮೇಲಿಟ್ಟ. ಎರಡನೆಯದು. ಮೂರನೆಯದು. ಬಾಯಿಂದ ಬೋಲ್ಟು ತೆಗೆದು ಅವುಗಳ ಪಕ್ಕದಲ್ಲಿಟ್ಟು, “ಗಟ್ಟಿ ಹೊಸೆದಾರ. ಎಣ್ಣಿ ಇಳಿದಿಲ್ಲ,” ಎಂದ.

ಎಳೆಯುತ್ತಿದ್ದವರು ದಸ್ತಗಿರಿಯನ್ನು ಬಿಟ್ಟುಬಿಟ್ಟರು. ಅಂಡಿಗೆಗಳ ಮೇಲಿದ್ದವರು ಒಬ್ಬೊಬ್ಬರಾಗಿ ಬಡಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಬತ್ತಿ ಹಾಕಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ದೊಡ್ಡಪ್ಪ ಆ ಮೂರನ್ನೂ ನೋಡಿದರು. ಆಮೇಲೆ ಹಿಂದೆ ತಿರುಗಿ, ಅಂಡಿಗೆಯ ಪಟ್ಟಿ ಬಡಿಯುವ ದೊಡ್ಡ ಸುತ್ತಿಗೆ ಎತ್ತಿಕೊಂಡರು. ಯಾರ ಮೇಲಾದರೂ ಬೀಳುತ್ತದೆಂದು ಎಲ್ಲರೂ ಹಿಂದಕ್ಕೆ ಸರಿದರು. ಅದು ಎಂಜಿನ್ನಿನ ಮೇಲೆ ಬಿತ್ತು. ಕಾರಿನ ಮುಂದೀಪದ ಗಾಜು ಪುಡಿಯಾಯಿತು. ರೇಡಿಯೇಟರು ಸೀಳಿ ನೀರು ಚಿಮ್ಮಿತು. ಪ್ರತಿ ಏಟಿಗೂ ಅವರ ಬಾಯಿಂದ ಒಂದು ಮುಲುಕು ಬರುತ್ತಿತ್ತು, ಏಟು ತಿನ್ನುತ್ತಿರುವವರಂತೆ.

“ಸಾವ್ಕಾರ್ರೆ.” ನೆಲದ ಮೇಲಿಂದ ದಸ್ತಗಿರಿ ರಕ್ತ ಉಗುಳಿ ಮಾತಾಡಿದ. “ಎಂಜಿನ್ ಬ್ಲಾಕ್ ಒಡೀಬ್ಯಾಡ್ರಿ. ಅದೊಂದು ಸಿಗಂಗಿಲ್ಲ ಈಗ. ದಂಡ ತಿಕ್ಕಿ ಮತ್ತ ಎರಕ ಹೊಯ್ದ್ರ ಓಡತೈತಿ.”

ಸುತ್ತಿಗೆ ಮೇಲೆಯೇ ನಿಂತಿತು. ಆಮೇಲೆ ಅದು ದೊಡ್ಡಪ್ಪನ ಹಿಂದೆ, ಅವರ ಕೈಯಿಂದ ಜಾರಿ ಬಿತ್ತು.

ಗೇಟು ತೆರೆದದ್ದು ಯಾರೋ ಕಾಣೆ. ಅಂಜಿನಪ್ಪ ಬಳಲಿದ ಎತ್ತುಗಳನ್ನು ಬಿಟ್ಟು ಬೇರೆ ಜೋಡಿ ಹೂಡಿದ. ಬಂಡಿಯಲ್ಲಿ ಹುಸೇನಮ್ಮನ ತೊಡೆಯ ಮೇಲೆ ದಸ್ತಗಿರಿಯ ತಲೆ. ನನ್ನ ಹುಬ್ಬಿಗೆ ದೊಡ್ಡಮ್ಮ ಮಗನಿಗೆಂದು ಒಯ್ಯಬೇಕಾಗಿದ್ದ ಸೀರೆ ತುಂಡನ್ನು ಒತ್ತಿ ಹಿಡಿದಿದ್ದಳು. ಒಂದು ತುಂಡು ಹರಿದು ದಸ್ತಗಿರಿಯ ಕೈಗೂ ಸುತ್ತಿದಳು. ಅಂಜಿನಪ್ಪ ಗುಂಡಿ ಕಂಡಲ್ಲೆಲ್ಲ ಇಳಿದು ನೊಗ ಹಿಡಿದು ನಡೆಸಿದ. ದೊಡ್ಡಪ್ಪ ಬಂಡಿ ಹತ್ತಲಿಲ್ಲ. ಐವತ್ತು ಹೆಜ್ಜೆ ಹಿಂದೆ ಬರಿಗಾಲಲ್ಲಿ ನಡೆದು ಬರುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಪಂಪಣ್ಣನ ಬಳಿ ಇದ್ದರು. ಅವನಿಗೆ ಎಚ್ಚರ ಬಂದಿತ್ತು, ಬದುಕುತ್ತಾನೆ ಎಂದರು. ನಮ್ಮನ್ನು ಕಂಪೌಂಡರು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಆಗ ಎಲ್ಲರನ್ನೂ ಬರೆದುಕೊಳ್ಳುತ್ತಿದ್ದಂತೆ, ದೊಡ್ಡ ಪುಸ್ತಕ ತೆರೆದರು.

“ಕೈಗೆ ಏನಾಯ್ತಪ್ಪ?”

“ಹ್ಯಾಂಡಲ್ ಒದೀತ್ರಿ,” ಎಂದ ದಸ್ತಗಿರಿ.

ಆಗಿನ ಕಾರುಗಳಲ್ಲಿ ಅದು ಆಗುತ್ತಿತ್ತು. ತಿರುಗಿಸುವಾಗ ಎಂಜಿನ್ನು ಹಿಂದಕ್ಕೆ ಸಿಡಿದರೆ ಹ್ಯಾಂಡಲ್ ಕೈ ಮುರಿಯುತ್ತಿತ್ತು. ಕಂಪೌಂಡರು ತಲೆ ಎತ್ತದೆ ಬರೆದುಕೊಂಡರು.

ಹುಸೇನಮ್ಮ ಗಂಡನ ಕಡೆ ತಿರುಗಿದಳು. “ಬಿಗಿದುಕೊಂಡ ಎಂಜಿನ್ನು ಒದೀತೈತೇನು? ಬಾಯಿಗೂ ಅದೇ ಒದೀತೇನು?”

“ಸುಮ್ನಿರು ನೀನು. ನಾಳಿ ಉಣ್ಣೋದು ಬ್ಯಾಡೇನು?”

ಅವಳು ಗೋಡೆಯ ಕಡೆ ಮುಖ ಮಾಡಿದಳು. ದೊಡ್ಡಪ್ಪ ಬಾಗಿಲಲ್ಲಿ ಬಂದು ನಿಂತದ್ದನ್ನು ನಾವೆಲ್ಲ ನೋಡಿದೆವು. ಕಂಪೌಂಡರೂ ನೋಡಿದರು. ಅವರು ಬೇಗನೆ ಮುಂದಿನ ಸಾಲಿಗೆ ಹೋದರು.

“ನಿಮಗೇನಾಯ್ತಮ್ಮ? ಬಿದ್ರೇನು?”

ಬಿದ್ದೆ ಎನ್ನುವುದು ಸುಲಭವಿತ್ತು. ಮೆಟ್ಟಿಲು, ಬಾಗಿಲು, ಏನಾದರೂ ಹೇಳಬಹುದಿತ್ತು. ಜೂನ್ ತಿಂಗಳಿಗೆ ಕಾಲೇಜು ತೆರೆಯುತ್ತಿತ್ತು. ನಾನು ಹೋಗುವುದೂ ಬಿಡುವುದೂ ಬಾಗಿಲಲ್ಲಿ ನಿಂತಿದ್ದವರ ಕೈಯಲ್ಲಿತ್ತು. ಆದರೆ ನಾನೂ ಸುಳ್ಳು ಹೇಳಿದರೆ ದಸ್ತಗಿರಿಯ ಸುಳ್ಳು ಕಾಯಂ ಆಗುತ್ತಿತ್ತು. ನಾಳೆ ಊರಿನಲ್ಲಿ ಮತ್ತೆ ಅವನೇ ದ್ರೋಹಿಯಾಗುತ್ತಿದ್ದ.

“ಸ್ಪ್ಯಾನರ್ ಬಡೀತು. ನಮ್ಮ ದೊಡ್ಡಪ್ಪ ಎಸೆದರು.”

ಕಂಪೌಂಡರ ಲೇಖನಿ ನಿಂತಿತು. “ಹಂಗ ಬರೀಲೇನಮ್ಮ?”

“ಹಂಗ ಬರೀರಿ.”

ಅವರು ಬರೆಯಲಿಲ್ಲ. ಬಾಗಿಲ ಕಡೆ ನೋಡಿದರು. ದೊಡ್ಡಪ್ಪನ ಕೈಗಳು ಇನ್ನೂ ಎಣ್ಣೆಯಲ್ಲಿ ಕಪ್ಪಾಗಿದ್ದವು. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಮೈಯಿಂದ ದೂರ ಹಿಡಿದು ನಿಂತಿದ್ದರು.

“ಆಕಿ ಹೇಳಿದಂಗ ಬರಿ,” ಎಂದರು. ಕಂಪೌಂಡರು ಬರೆದರು. ಮುಗಿಯುವವರೆಗೆ ಕಾದು ದೊಡ್ಡಪ್ಪ ಮತ್ತೆ ಹೇಳಿದರು, “ಮ್ಯಾಲಿನ ಸಾಲೂ ತಿದ್ದು.”

“ಏನಂತ ತಿದ್ದಲಿರಿ?”

“ಟೈರು ಎತ್ತೋ ಕಬ್ಬಿಣ. ಸಿದ್ದಬಸಪ್ಪ ಹೊಡೆದದ್ದು.”

ಕಂಪೌಂಡರು ಹ್ಯಾಂಡಲ್ ಎಂಬ ಮಾತಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಅಭ್ಯಾಸಬಲದಿಂದ ಕೇಳಿದರು, “ಬೆರಳು ಎಷ್ಟು ಮುರಿದಾವ್ರಿ?”

ದೊಡ್ಡಪ್ಪನಿಗೆ ಗೊತ್ತಿರಲಿಲ್ಲ.

ಅವರು ಬಾಗಿಲು ಬಿಟ್ಟು ಒಳಗೆ ಬಂದರು. ಬೆಂಚಿನ ಮುಂದೆ ನಿಂತರು, ಆಮೇಲೆ ಮೊಣಕಾಲೂರಿ ಕೂತರು. ಹುಸೇನಮ್ಮ ಗೋಡೆಯಿಂದ ಮುಖ ತಿರುಗಿಸಿ, ಗಂಡನ ಮೊಣಕೈಗೆ ಕೆಳಗಿನಿಂದ ಕೈಯಾನಿಸಿದಳು. ದಸ್ತಗಿರಿ ಸೀರೆಯ ತುಂಡನ್ನು ಎಡಗೈಯಿಂದ ನಿಧಾನವಾಗಿ ಬಿಚ್ಚಿ, ಅವರಿಗೆ ಕಾಣುವಂತೆ ಕೈ ಎತ್ತಿ ಹಿಡಿದ.

ದೊಡ್ಡಪ್ಪ ಮುಟ್ಟದೆ, ಒಂದೊಂದನ್ನೇ ನೋಡಿ ಎಣಿಸಿದರು.

“ಮೂರು,” ಎಂದರು.